ಯಾರೊಬ್ಬಾಮನ ಹಬ್ಬ

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಮುಗಿಯುತ್ತಿದ್ದಂತೆ ನಮ್ಮ ಚರ್ಚಿನ ಅಂಗಳದ ವೇದಿಕೆ ಹತ್ತಿದ ರಾಜಕೀಯ ಮುಖಂಡರೊಬ್ಬರು ಇಪ್ಪತ್ತು ನಿಮಿಷ ತಮ್ಮ ಸಾಧನೆಗಳನ್ನೇ ಹೇಳಿಕೊಂಡರು. ಗೋದಲಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡರು. ಆ ಪಕ್ಷದವರೆಲ್ಲ ಹೀಗೇ. ಪಾಲನಾ ಸಮಿತಿಯಲ್ಲಿ ಆಕ್ಷೇಪ ಎತ್ತಿದರೆ, 'ನಾವು ಅಲ್ಪಸಂಖ್ಯಾತರು, ದೊಡ್ಡವರನ್ನು ಎದುರು ಹಾಕಿಕೊಳ್ಳುವುದು ಬೇಡ. ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಪೌಲರೇ ಹೇಳಿದ್ದಾರಲ್ಲ' ಎಂದರು. ಕ್ರೈಸ್ತರು ಇಂಥದ್ದನ್ನು ಬಹಿರಂಗವಾಗಿ ಖಂಡಿಸಬೇಕೇ, ಸುಮ್ಮನಿರಬೇಕೇ?"

ಪ್ರಿಯ ಸಹೋದರರೇ,

ಖಂಡಿಸಬೇಕು. ನಿಮ್ಮ ಸಮಿತಿಯವರ ಭಯಕ್ಕೆ ಕಾರಣವಿಲ್ಲ ಎಂದು ಹೇಳುವುದಿಲ್ಲ. ಸ್ಮಶಾನದ ಜಾಗ, ಶಾಲೆಯ ಮಾನ್ಯತೆ ನವೀಕರಣ, ಕಾಂಪೌಂಡ್ ಗೋಡೆಯ ತಕರಾರು, ಎಲ್ಲ ಕಡತಗಳೂ ಹೋಗುವುದು ಅದೇ ಜನರ ಮೇಜಿಗೆ. ಆದರೆ ಪೌಲರನ್ನು ಅರ್ಧಕ್ಕೆ ಓದಿ ನಿಲ್ಲಿಸಬಾರದು. ರೋಮನರಿಗೆ ಬರೆದ ಪತ್ರದ ಅದೇ 13ನೇ ಅಧ್ಯಾಯದಲ್ಲಿ, ಯಾರಿಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸಿ ಎಂದು ಅವರು ಪಟ್ಟಿಯನ್ನೇ ಕೊಡುತ್ತಾರೆ. ತೆರಿಗೆ ಇದೆ, ಸುಂಕ ಇದೆ, ಮರ್ಯಾದೆ ಇದೆ. ಹಬ್ಬ ಆ ಪಟ್ಟಿಯಲ್ಲಿಲ್ಲ.

ಹಬ್ಬವನ್ನು ಅಧಿಕಾರಕ್ಕೆ ಬಳಸಿಕೊಂಡವರ ಚರಿತ್ರೆ ಪವಿತ್ರ ಗ್ರಂಥದಲ್ಲಿ ಕ್ರಿಸ್ತನಿಗಿಂತ ಒಂಬತ್ತು ಶತಮಾನ ಹಿಂದಕ್ಕೆ ಹೋಗುತ್ತದೆ. ಅರಸುಗಳು ಮೊದಲನೆಯ ಗ್ರಂಥದ 12ನೇ ಅಧ್ಯಾಯವನ್ನು ನಿಮ್ಮ ಸಮಿತಿಯಲ್ಲಿ ಓದಿಸಿ. ಇಸ್ರಯೇಲರ ರಾಜ್ಯ ಎರಡಾಗಿದೆ. ಉತ್ತರದ ಅರಸ ಯಾರೊಬ್ಬಾಮನಿಗೆ ಒಂದೇ ಚಿಂತೆ: ಪ್ರಜೆಗಳು ಹಬ್ಬಕ್ಕೆಂದು ಜೆರುಸಲೇಮಿಗೆ ಹೋಗುತ್ತಿದ್ದರೆ ಅವರ ಮನಸ್ಸೂ ಅಲ್ಲಿಯ ಅರಸನ ಕಡೆ ತಿರುಗೀತು. ಬೇತೇಲಿನಲ್ಲೊಂದು, ದಾನಿನಲ್ಲೊಂದು ಚಿನ್ನದ ಕರು ನಿಲ್ಲಿಸುತ್ತಾನೆ. ಏಳನೇ ತಿಂಗಳ 15ಕ್ಕೆ ಬರುವ ಪರ್ಣಶಾಲೆಗಳ ಹಬ್ಬಕ್ಕೆ ಎದುರಾಗಿ ಎಂಟನೇ ತಿಂಗಳ 15ಕ್ಕೆ ತನ್ನದೇ ಹಬ್ಬ ಗೊತ್ತುಮಾಡುತ್ತಾನೆ. ಅದು ಅವನು ಸ್ವಂತ ಮನಸ್ಸಿನಿಂದ ಕಲ್ಪಿಸಿದ ತಿಂಗಳು ಎಂದು ಗ್ರಂಥಕರ್ತ ನೇರವಾಗಿಯೇ ಬರೆಯುತ್ತಾನೆ. ಹಬ್ಬವನ್ನು ರದ್ದು ಮಾಡಲಿಲ್ಲ, ಬಲಿ ನಿಲ್ಲಿಸಲಿಲ್ಲ. ಹಬ್ಬ ಯಾರದು ಎಂಬುದನ್ನು ಬದಲಿಸಿದ.

ಮುಂದಿನ ಅಧ್ಯಾಯದಲ್ಲಿ ಯೂದಾಯದಿಂದ ಬಂದ ದೇವರ ಮನುಷ್ಯನೊಬ್ಬ, ಅರಸ ಧೂಪ ಹಾಕುತ್ತಿರುವಾಗಲೇ ಬೇತೇಲಿನ ಬಲಿಪೀಠದ ವಿರುದ್ಧ ಕೂಗುತ್ತಾನೆ. ಹಿಡಿಯಿರಿ ಎಂದು ಚಾಚಿದ ಅರಸನ ಕೈ ಒಣಗಿಹೋಗುತ್ತದೆ. ಅದು ವಾಸಿಯಾದ ಮೇಲೆ ಅರಸ ಊಟಕ್ಕೆ ಕರೆಯುತ್ತಾನೆ, ಬಹುಮಾನ ಕೊಡುತ್ತೇನೆ ಎನ್ನುತ್ತಾನೆ. ನಿನ್ನ ಅರಮನೆಯ ಅರ್ಧ ಕೊಟ್ಟರೂ ಬರುವುದಿಲ್ಲ ಎನ್ನುತ್ತಾನೆ ದೇವರ ಮನುಷ್ಯ. ಖಂಡನೆಗೂ ಊಟಕ್ಕೂ ಇರುವ ಈ ಸಂಬಂಧ ನಮ್ಮ ಕಾಲದಲ್ಲೂ ಹಾಗೇ ಇದೆ. ಆಮೇಲೆ ಅದೇ ಬೇತೇಲಿನಲ್ಲಿ ಪ್ರವಾದಿ ಆಮೋಸನ ಬಾಯಿ ಮುಚ್ಚಿಸಲು ಬಂದವನು ಸೇನಾಪತಿಯಲ್ಲ, ಯಾಜಕ ಅಮಚ್ಯ. ಇದು ಅರಸನ ಪುಣ್ಯಕ್ಷೇತ್ರ, ಇಲ್ಲಿ ಪ್ರವಾದನೆ ಬೇಡ ಎಂದ. ನಿಮ್ಮ ಸಮಿತಿಯಲ್ಲಿ ಕೇಳಿಬಂದ ಮಾತೂ ಇದಕ್ಕಿಂತ ಬಹಳ ದೂರದ್ದಲ್ಲ. ಕ್ರಿಸ್ಮಸ್ ವಿಷಯಕ್ಕೇ ಬಂದರೆ, "ನಾನೂ ಬಂದು ಆರಾಧಿಸುತ್ತೇನೆ" ಎಂದು ಮೊದಲು ಹೇಳಿದ ರಾಜಕಾರಣಿ, ಶಿಶು ಯೇಸುವನ್ನು ಕೊಲ್ಲಲು ಹೊಂಚಿದ ಅರಸ ಹೆರೋದ. ಮತ್ತಾಯ, ಎರಡನೇ ಅಧ್ಯಾಯ, ಎಂಟನೇ ವಚನ.

ಹೇಗೆ ಖಂಡಿಸಬೇಕು ಎಂಬುದಕ್ಕೆ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರಿಗಿಂತ ಒಳ್ಳೆಯ ಗುರು ಇಲ್ಲ. 390ರಲ್ಲಿ ಥೆಸಲೋನಿಕದಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸನ ಸೈನಿಕರು ಸಾವಿರಾರು ಜನರನ್ನು ಕೊಂದರು. ಅಂಬ್ರೋಸರು ಮೊದಲು ಪ್ರಬೋಧನಾ ಪೀಠ ಹತ್ತಲಿಲ್ಲ. ಅನಾರೋಗ್ಯದ ಕಾರಣ ಹೇಳಿ ಊರು ಬಿಟ್ಟರು, ಚಕ್ರವರ್ತಿಯೊಬ್ಬನೇ ಓದಲೆಂದು ಸ್ವಂತ ಕೈಯಿಂದ ಪತ್ರ ಬರೆದರು. ಕೃತ್ಯ ಯಾವುದೆಂದು ಹೆಸರಿಟ್ಟು ಹೇಳಿದರು, ಅರಸ ದಾವೀದನ ಪಶ್ಚಾತ್ತಾಪದ ದಾರಿ ತೋರಿಸಿದರು, ನೀವು ಬಂದರೆ ನಾನು ಬಲಿ ಅರ್ಪಿಸಲಾರೆ ಎಂದೂ ಬರೆದರು. ಚಕ್ರವರ್ತಿ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಂಡ. ಮತ್ತೆ ಪರಮಪ್ರಸಾದ ಸ್ವೀಕರಿಸಿದ್ದು ಆ ವರ್ಷದ ಕ್ರಿಸ್ಮಸ್‌ಗೆ. ಪತ್ರ, ಕೃತ್ಯದ ಹೆಸರು, ತಿದ್ದಿಕೊಳ್ಳುವ ದಾರಿ, ಕಡೆಯಲ್ಲಿ ಬಾಗಿಲು ಮುಚ್ಚುವುದು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲು ವಾಟ್ಸಾಪಿನಲ್ಲಿ ಕೂಗಾಡಿ, ಆಮೇಲೆ ಮನವಿ ಹಿಡಿದು ಹೋಗುತ್ತೇವೆ.

ನಮ್ಮ ದೇಶದಲ್ಲೂ ಇದನ್ನು ಸರಿಯಾಗಿ ಮಾಡಿದವರಿದ್ದಾರೆ. 2014ರಲ್ಲಿ ಕೇಂದ್ರ ಸರ್ಕಾರ ಡಿಸೆಂಬರ್ 25ನ್ನು ಸುಶಾಸನ ದಿನ ಎಂದು ಘೋಷಿಸಿತು. ಅಂದು ವಾಜಪೇಯಿ ಅವರ, ಮದನ ಮೋಹನ ಮಾಳವೀಯರ ಹುಟ್ಟುಹಬ್ಬ ಎಂಬುದು ನಿಜ, ಕ್ರಿಸ್ಮಸ್ ರಜೆಯೂ ಹೋಗಲಿಲ್ಲ. ಆದರೂ ವರ್ಷದ ಅಷ್ಟು ದಿನಗಳಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಆ ದಿನವೇ ಏಕೆ ಎಂದು ಕೇಳುವ ಹಕ್ಕು ನಮಗಿತ್ತು. ಮರುವರ್ಷ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ದೆಹಲಿಯಲ್ಲಿ ಏಪ್ರಿಲ್ 3ರ ಶುಭ ಶುಕ್ರವಾರದಿಂದ ಈಸ್ಟರ್ ಭಾನುವಾರದವರೆಗೆ ನಿಗದಿಯಾಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಮೊದಲು ಮುಖ್ಯ ನ್ಯಾಯಮೂರ್ತಿಗೆ ಬರೆದರು, ಆಮೇಲೆ ಪ್ರಧಾನಿಗೆ. ದೀಪಾವಳಿಗೆ, ಈದ್‌ಗೆ ಇಂಥ ಸಭೆ ಇಡುತ್ತೇವೆಯೇ ಎಂಬುದು ಅವರ ಪ್ರಶ್ನೆ. ಪ್ರಧಾನಿಯ ಔತಣಕ್ಕೂ ಹೋಗಲಿಲ್ಲ. ದಿನಾಂಕ ಬದಲಾಗಲಿಲ್ಲ, ಆದರೆ ಆಕ್ಷೇಪ ದಾಖಲೆಯಲ್ಲಿ ಉಳಿಯಿತು. 2024ರಲ್ಲಿ ಮಣಿಪುರ ಸರ್ಕಾರ ಆರ್ಥಿಕ ವರ್ಷದ ಕೊನೆ ಎಂದು ಮಾರ್ಚ್ 31ರ ಈಸ್ಟರ್ ಭಾನುವಾರವನ್ನೇ ಕೆಲಸದ ದಿನ ಮಾಡಿದಾಗ ಎಲ್ಲ ಕಡೆ ಆಕ್ಷೇಪ ಎದ್ದು, ಭಾನುವಾರದ ಆದೇಶ ಬೇಗನೆ ವಾಪಸಾಯಿತು. 2023ರ ಕ್ರಿಸ್ಮಸ್ ದಿನ ಪ್ರಧಾನಿ ನಿವಾಸದ ಸತ್ಕಾರಕ್ಕೆ ಚರ್ಚ್ ನಾಯಕರು ಹೋದಾಗ, ಮಣಿಪುರದ ಹಿಂಸಾಚಾರದ ಬಗ್ಗೆ ಮಾತೇಕಿಲ್ಲ ಎಂದು ಮೂರು ಸಾವಿರಕ್ಕೂ ಹೆಚ್ಚು ಕ್ರೈಸ್ತರು ಸಹಿ ಹಾಕಿ ಹೇಳಿಕೆ ಕೊಟ್ಟರು. ಆ ಸಹಿಗಳ ಬಗ್ಗೆ ನನಗೆ ಬಹಳ ಗೌರವವಿದೆ.

ಇಲ್ಲಿ ನಿಮ್ಮ ಪತ್ರದ ಒಂದು ಸಾಲು ನನಗೆ ಒಪ್ಪಿಗೆಯಾಗಲಿಲ್ಲ. "ಆ ಪಕ್ಷದವರೆಲ್ಲ ಹೀಗೇ" ಎಂದಿದ್ದೀರಿ. ಕನಕಪುರದ ಕಪಾಲ ಬೆಟ್ಟ ನೆನಪಿಸಿಕೊಳ್ಳಿ. 2019ರ ಡಿಸೆಂಬರ್ 25ರಂದು ಹಾರೋಬೆಲೆಯಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆ ಮಾಡಿ, 10 ಎಕರೆ ಜಮೀನಿನ ಪತ್ರ ಕೊಟ್ಟವರು ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್. ನಮ್ಮವರಲ್ಲಿ ಬಹುತೇಕರು ಚಪ್ಪಾಳೆ ತಟ್ಟಿದರು. ಜನವರಿ 13ಕ್ಕೆ ವಿರೋಧಿಗಳು ಕನಕಪುರ ಚಲೋ ನಡೆಸಿದರು. ಹಳೆಯ ಕಥೋಲಿಕ ಊರೊಂದರ ಭಕ್ತಿ ಎರಡು ಪಕ್ಷಗಳ ಹಗ್ಗಜಗ್ಗಾಟದ ಹಗ್ಗವಾಯಿತು. ಕೊಟ್ಟವರ ಉದ್ದೇಶ ಒಳ್ಳೆಯದೇ ಇರಲಿ, ಜಮೀನಿನ ಪತ್ರ ಕೊಡಲು ಕ್ರಿಸ್ಮಸ್ ದಿನವೇ ಏಕೆ ಎಂದು ಮೊದಲು ಕೇಳಬೇಕಾಗಿದ್ದವರು ನಾವು. ಎದುರಾಳಿ ಹಬ್ಬ ಕೆಡಿಸಿದರೆ ಪತ್ರಿಕಾಗೋಷ್ಠಿ, ಸ್ನೇಹಿತ ಕೆಡಿಸಿದರೆ ಹಾರ ಎಂದಾದರೆ ನಮ್ಮ ಖಂಡನೆಯೂ ಒಂದು ಪಕ್ಷದ ಕರಪತ್ರವೇ ಆಗುತ್ತದೆ.

ಕಾನೂನೂ ನಿಮ್ಮ ಕಡೆಗಿದೆ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯಿದೆಯ 6ನೇ ಕಲಮು, ಧಾರ್ಮಿಕ ಸಂಸ್ಥೆಯ ಆಶ್ರಯದಲ್ಲಿ ನಡೆಯುವ ಹಬ್ಬ, ಮೆರವಣಿಗೆ, ಸಭೆ ಯಾವುದನ್ನೂ ರಾಜಕೀಯ ಚಟುವಟಿಕೆಗೆ ಬಿಡಬಾರದು ಎನ್ನುತ್ತದೆ. ಹೊಣೆ ಹಾಗೆ ಬಿಟ್ಟ ವ್ಯವಸ್ಥಾಪಕರ ಮೇಲೆ, ಆ ಉಲ್ಲಂಘನೆಗೆ ಸಂಬಂಧಪಟ್ಟ ಪ್ರತಿಯೊಬ್ಬರ ಮೇಲೆ. ಶಿಕ್ಷೆ ಐದು ವರ್ಷದವರೆಗೆ ಸೆರೆ, ಹತ್ತು ಸಾವಿರ ರೂಪಾಯಿವರೆಗೆ ದಂಡ. ಸುಮ್ಮನಿದ್ದರೆ ಕ್ಷೇಮ ಎಂದುಕೊಂಡಿರುವ ಸಮಿತಿಗೆ ಇದನ್ನು ಓದಿ ಹೇಳಿ. ಚುನಾವಣೆ ಘೋಷಣೆಯಾಗಿದ್ದರೆ ನೀತಿ ಸಂಹಿತೆಯೂ ಪೂಜಾಸ್ಥಳದಲ್ಲಿ ಪ್ರಚಾರವನ್ನು ತಡೆಯುತ್ತದೆ. ಆಗ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಫೋಟೊ ಸಹಿತ ದೂರು ಕೊಡಬಹುದು.

ಇನ್ನು ನಿಮ್ಮ ಪತ್ರ. ಒಂದು ಪುಟ ಮೀರಬೇಡಿ. ದಿನ, ಸ್ಥಳ, ಸಮಯ, ಅವರು ಆಡಿದ ಮಾತು ಇದ್ದ ಹಾಗೇ ಬರೆಯಿರಿ. ಮಾತು ನೆನಪಿಲ್ಲದಿದ್ದರೆ ವಿಡಿಯೊ ನೋಡಿ ಬರೆದುಕೊಳ್ಳಿ. ಇಂಥ ಪತ್ರಗಳು ಸೋಲುವುದೇ ಇಲ್ಲಿ. ಒಂದು ತಪ್ಪು ಉಲ್ಲೇಖ ಸಿಕ್ಕಿದರೆ ಅವರು ಅದನ್ನೇ ಹಿಡಿದು ಉಳಿದದ್ದನ್ನು ತಳ್ಳಿಹಾಕುತ್ತಾರೆ. ವ್ಯಕ್ತಿಯ ಚಾರಿತ್ರ್ಯ, ಪಕ್ಷದ ಇತಿಹಾಸ ಬೇಡ. ಏನು ಬೇಕು ಎಂದು ಒಂದೇ ವಾಕ್ಯದಲ್ಲಿ ಕೇಳಿ. "ಸಮಸ್ತ ಕ್ರೈಸ್ತರು" ಎಂದು ಹಾಕದೆ ಹೆಸರು ಬರೆದು ಸಹಿ ಮಾಡಿ. ಗುರುಗಳ ಸಹಿಗೆ ಕಾಯಬೇಡಿ, ಶ್ರೀಸಾಮಾನ್ಯ ವಿಶ್ವಾಸಿಗಳ ಹೆಸರಿನಲ್ಲೇ ಹೋಗಲಿ. ಪ್ರತಿಯನ್ನು ಧರ್ಮಾಧ್ಯಕ್ಷರಿಗೆ ಕಳಿಸಿ. ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ಹದಿನೈದು ದಿನ ಕಾದು, ಉತ್ತರ ಬಾರದಿದ್ದರೆ ಪತ್ರಿಕೆಗಳಿಗೆ ಕೊಡಿ.

ನನ್ನ ದೊಡ್ಡ ಸಂಕಟ ಬೇರೆ ಇದೆ. ಹಬ್ಬವನ್ನು ನಾವೇ ಖಾಲಿ ಮಾಡಿಟ್ಟಿರುವುದರಿಂದಲೇ ಅಲ್ಲಿ ಬೇರೆಯವರಿಗೆ ಜಾಗ ಸಿಗುತ್ತಿದೆ. ಡಿಸೆಂಬರ್ 26 ಕಲ್ಲೇಟಿಗೆ ಸತ್ತ ಸಂತ ಸ್ತೆಫಾನರ ದಿನ, 28 ಹೆರೋದ ಕೊಲ್ಲಿಸಿದ ಹಸುಳೆಗಳ ದಿನ. ಆ ಎರಡು ಬಲಿಪೂಜೆಗಳಿಗೆ ಎಷ್ಟು ಜನ ಬರುತ್ತಾರೆ? ಯೇಸು ಸತ್ತ ದಿನಕ್ಕೆ "ಗುಡ್ ಫ್ರೈಡೇ ಶುಭಾಶಯಗಳು" ಎಂದು ನಾಯಕರ ಫ್ಲೆಕ್ಸ್ ಚರ್ಚಿನ ಗೇಟಿಗೇ ಬಿದ್ದರೂ ಕಟ್ಟಲು ಏಣಿ ಕೊಡುವವರು ನಮ್ಮ ಹುಡುಗರು. ಅದೇ ದಿನದ ಆರಾಧನೆಯ ಹತ್ತು ವಿಶೇಷ ಪ್ರಾರ್ಥನೆಗಳಲ್ಲಿ ಒಂಬತ್ತನೆಯದು ಅಧಿಕಾರದಲ್ಲಿರುವವರಿಗಾಗಿ. ಆಳುವವರಿಗೆ ಚರ್ಚ್ ಕೊಡಬೇಕಾದ್ದು ಅದು, ಮೈಕ್ ಅಲ್ಲ. ಬಂದವರನ್ನು ಅಂಗಳದಲ್ಲಿ ಕೈಮುಗಿದು ಬರಮಾಡಿಕೊಳ್ಳಿ, ಕೇಕ್ ಕೊಡಿ, ಮುಂದಿನ ಸಾಲಿನಲ್ಲಿ ಕೂರಿಸಿ.

ಮುಸ್ಸೊಲಿನಿಯಂಥವರು ಜನರ ಪೂರ್ತಿ ನಿಷ್ಠೆ ತಮಗೇ ಬೇಕೆಂದು ಕೇಳುತ್ತಿದ್ದ 1925ರಲ್ಲಿ ಹನ್ನೊಂದನೇ ಪಯಸ್ ಪೋಪರು ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದರು. ಈಗ ಅದು ಆಗಮನ ಕಾಲಕ್ಕೆ ಮುಂಚಿನ ಭಾನುವಾರ, ನವೆಂಬರಿನ ಕೊನೆಯಲ್ಲಿ ಬರುತ್ತದೆ. ಕ್ರಿಸ್ಮಸ್ ಕಾರ್ಯಕ್ರಮದ ಆಮಂತ್ರಣ ಅಚ್ಚಾಗುವುದು ಅದರ ನಂತರ. ಆ ವಾರದ ಸಮಿತಿ ಸಭೆಯಲ್ಲಿ ಮೂರು ಸಾಲಿನ ಠರಾವು ಮಂಡಿಸಿ: ಹಬ್ಬದ ವೇದಿಕೆಯಲ್ಲಿ ರಾಜಕೀಯ ಭಾಷಣವಿಲ್ಲ, ಗೇಟಿನೊಳಗೆ ಪಕ್ಷದ ಫ್ಲೆಕ್ಸ್ ಇಲ್ಲ, ದೇಣಿಗೆಗೆ ರಸೀದಿ ಉಂಟು, ಹೆಸರಿನ ಘೋಷಣೆ ಇಲ್ಲ. ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ, ಎಲ್ಲ ಪಕ್ಷಗಳ ಸ್ಥಳೀಯ ಕಚೇರಿಗಳಿಗೂ ಒಂದೊಂದು ಪ್ರತಿ ಮುಂಚೆಯೇ ಮುಟ್ಟಿಸಿ.

— ಸಂಪಾದಕ