ಓದುಗರ ಪ್ರಶ್ನೆ: ಕೂಡುವ ತನಕ ಕಮಾನು ಕಮಾನಲ್ಲ

2025ರ ಜೂನ್ 6ರಂದು ಜಮ್ಮು–ಕಾಶ್ಮೀರದ ಚಿನಾಬ್ ರೈಲ್ವೆ ಸೇತುವೆ ಉದ್ಘಾಟನೆಯಾಯಿತು. ಆಮೇಲೆ ಉಕ್ಕಿನ ಕಮಾನು ಸೇತುವೆಗಳ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ನಮ್ಮ ಕೆ.ಆರ್. ಪುರದ ತೂಗು ಸೇತುವೆಯ ಥರ ಕೇಬಲ್‌ಗಳಿಂದಲೇ ಚಿನಾಬ್ ದಾಟಬಹುದಿತ್ತಲ್ಲ? ಕಮಾನು ಯಾಕೆ?
— ಓದುಗರೊಬ್ಬರು, ರಾಮಮೂರ್ತಿನಗರ

ಅದೇ ರೈಲು ಮಾರ್ಗದಲ್ಲಿ ಅಂಜಿ ಖಡ್ ಕಣಿವೆಯನ್ನು ಕೇಬಲ್ ಸೇತುವೆಯಿಂದಲೇ ದಾಟಿದ್ದಾರೆ. ಅಲ್ಲಿಯೂ ಮೊದಲು ಯೋಚಿಸಿದ್ದು ಕಮಾನನ್ನೇ. ಇಳಿಜಾರಿನ ಬಂಡೆ ಒಡೆದು ಚೂರಾಗಿದ್ದರಿಂದ ಆ ಯೋಜನೆ ಕೈಬಿಟ್ಟು, ಒಂದೇ ಕಂಬದಿಂದ ಕೇಬಲ್ ಎಳೆದರು. ಅಂದರೆ ಇಂಥ ಜಾಗದಲ್ಲಿ ಮೊದಲ ಮಾತು ಬಂಡೆಯದು.

ಕಮಾನು ತನ್ನ ಭಾರವನ್ನು ಕೆಳಗೆ ಇಳಿಸುವುದಷ್ಟೇ ಅಲ್ಲ, ಎರಡೂ ದಡಗಳನ್ನು ಹೊರಕ್ಕೆ ಒದೆಯುತ್ತದೆ. ಒಂದು ಲೆಕ್ಕ ನೋಡಿ. ದಡದಿಂದ ದಡಕ್ಕೆ 200 ಮೀಟರ್ ಅಗಲ, 40 ಮೀಟರ್ ಎತ್ತರದ ಕಮಾನಿನ ಮೇಲೆ ಮೀಟರಿಗೆ 10 ಟನ್ ಭಾರವಿದೆ ಎನ್ನೋಣ. ಪ್ರತಿ ದಡಕ್ಕೂ ನೇರ ಕೆಳಗೆ ಬೀಳುವುದು 1000 ಟನ್. ಅಡ್ಡ ಒದೆತ ಎಷ್ಟೆಂದರೆ ಮೀಟರಿನ ಭಾರವನ್ನು ಅಗಲದ ವರ್ಗದಿಂದ ಗುಣಿಸಿ, ಎತ್ತರದ ಎಂಟರಷ್ಟರಿಂದ ಭಾಗಿಸಿದಷ್ಟು: 1250 ಟನ್. ಚಂದ ಕಾಣಲಿ ಎಂದು ಎತ್ತರವನ್ನು 20 ಮೀಟರಿಗೆ ಇಳಿಸಿದರೆ ಒದೆತ 2500 ಟನ್ನಿಗೆ ಏರುತ್ತದೆ. ಎತ್ತರವನ್ನು ಸಾಮಾನ್ಯವಾಗಿ ಅಗಲದ ಐದನೇ ಅಥವಾ ಆರನೇ ಒಂದು ಭಾಗದ ಆಸುಪಾಸಿನಲ್ಲಿ ಇಡುವುದು ಇದಕ್ಕೇ.

ಎಲ್ಲ ಕಡೆಯೂ ಲಾಲ್‌ಬಾಗಿನ ಬಂಡೆ ಇದ್ದಿದ್ದರೆ ಎಂಜಿನಿಯರುಗಳು ಹಾಯಾಗಿ ಮಲಗಬಹುದಿತ್ತು. ಚಿನಾಬ್ ದಡದ ಬಂಡೆಯಲ್ಲಿ ಬಿರುಕುಗಳ ಜಾಲವೇ ಇದೆ. ಇಳಿಜಾರು ಜಾರದಂತೆ ಕಬ್ಬಿಣದ ಸರಳುಗಳನ್ನು ಬಂಡೆಯೊಳಕ್ಕೆ ಇಳಿಸಿ, ಸಿಮೆಂಟ್ ಗ್ರೌಟ್ ತುಂಬಿದ್ದಾರೆ. ಅಗೆದಂತೆ ಹೊರಬೀಳುವ ಬಂಡೆಯನ್ನು ನೋಡಿ ವಿನ್ಯಾಸ ತಿದ್ದುತ್ತಾ ಹೋಗಬೇಕಾದ ಕೆಲಸ ಅದು. ಈ ಕೆಲಸಕ್ಕೆ ವರ್ಷಗಟ್ಟಲೆ ಸಲಹೆ ಕೊಟ್ಟವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಮಾಧವಿ ಲತಾ.

ರೈಲಿನ ಭಾರವೂ ಒಂದು ಕಾರಣ. ರೈಲು ಅರ್ಧ ಸೇತುವೆಯ ಮೇಲಿದ್ದಾಗ ಹಳಿ ಹೆಚ್ಚು ಬಾಗಬಾರದು. ಬಾಗದೆ ನಿಲ್ಲುವುದರಲ್ಲಿ ಕಮಾನಿನದು ಮೇಲುಗೈ.

ಮನೆ ಕಟ್ಟುವಾಗ ಕಮಾನಿನ ಕೆಳಗೆ ಸೆಂಟ್ರಿಂಗ್ ಕೊಡುತ್ತಾರೆ. 359 ಮೀಟರ್ ಎತ್ತರದಲ್ಲಿ ಏನು ಕೊಡುತ್ತಾರೆ?
— ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿನಿ, ಯಶವಂತಪುರ

ಕೆಳಗಿನಿಂದ ಏನೂ ಕೊಡುವುದಿಲ್ಲ, ಹಿಂದಿನಿಂದ ಎಳೆದು ಹಿಡಿಯುತ್ತಾರೆ. ಎರಡೂ ದಡದಿಂದ ಅರ್ಧರ್ಧ ಕಮಾನು ಗಾಳಿಯಲ್ಲಿ ಚಾಚುತ್ತಾ ಬರುತ್ತದೆ. ಅದು ಮುಂದಕ್ಕೆ ಮಗುಚದಂತೆ ಕೇಬಲ್‌ಗಳನ್ನು ಹಿಂದಿನ ಬಂಡೆಗೆ ಬಿಗಿದಿರುತ್ತಾರೆ. ಸಿಡ್ನಿ ಹಾರ್ಬರ್ ಸೇತುವೆಯಲ್ಲಿ ಪ್ರತಿ ಅರ್ಧವನ್ನೂ 128 ಕೇಬಲ್‌ಗಳು ಹಿಡಿದಿದ್ದವು. ಅವು ಕುದುರೆಲಾಳದ ಆಕಾರದ ಸುರಂಗದೊಳಗೆ ಬಂಡೆಯನ್ನು ಸುತ್ತಿ ಬರುತ್ತಿದ್ದವು. ಅಲ್ಲಿ ಕ್ರೇನುಗಳು ಕಮಾನಿನ ಬೆನ್ನ ಮೇಲೆಯೇ ತೆವಳುತ್ತಾ ಮುಂದಿನ ತುಂಡನ್ನು ಜೋಡಿಸಿದವು. ಚಿನಾಬ್‌ನಲ್ಲಿ ಕಣಿವೆಗೆ ಅಡ್ಡಲಾಗಿ ಕಟ್ಟಿದ ಕೇಬಲ್ ಕ್ರೇನ್ ತುಂಡುಗಳನ್ನು ತಂದುಕೊಟ್ಟಿತು.

ಪಠ್ಯಪುಸ್ತಕ ಮುಗಿದ ಸೇತುವೆಯ ಲೆಕ್ಕವನ್ನೇ ಕಲಿಸುತ್ತದೆ. ಆದರೆ ಚಾಚಿ ನಿಂತ ಅರ್ಧ ಕಮಾನು ಕಮಾನೇ ಅಲ್ಲ, ಅದು ಒಂದು ಬಾಲ್ಕನಿ. ಅದರ ಮೇಲಿನ ಅಂಚು ಎಳೆತದಲ್ಲಿರುತ್ತದೆ, ಕೂಡಿದ ಮೇಲೆ ಅದೇ ಅಂಚಿಗೆ ಒತ್ತಡ ಬೀಳಬಹುದು. ಆದ್ದರಿಂದ ಪ್ರತಿ ತುಂಡು ಸೇರಿಸಿದ ಹಂತಕ್ಕೂ ಬೇರೆ ಲೆಕ್ಕ, ಪ್ರತಿ ಹಂತಕ್ಕೂ ಕೇಬಲ್‌ನ ಬಿಗಿತ ಇಷ್ಟೇ ಇರಬೇಕೆಂಬ ಪಟ್ಟಿ. ಬುಡದಲ್ಲಿ ಆದ ತಪ್ಪು ತುದಿಯಲ್ಲಿ ಹಿಗ್ಗುತ್ತದೆ. 10 ಮೀಟರ್ ಆಳದ ಟ್ರಸ್‌ನ (ಉಕ್ಕಿನ ತ್ರಿಕೋನಗಳ ಚೌಕಟ್ಟಿನ) ಬುಡದ ಜೋಡಣೆಯಲ್ಲಿ ಒಂದೇ ಒಂದು ಮಿಲಿಮೀಟರ್ ಓರೆಯಾದರೂ 230 ಮೀಟರ್ ಆಚೆಯ ತುದಿ 23 ಮಿಲಿಮೀಟರ್ ತಪ್ಪಿರುತ್ತದೆ.

ಇನ್ನೊಬ್ಬ ಶತ್ರು ಬಿಸಿಲು. ಚಿನಾಬ್ ಕಮಾನಿನ ಅಗಲ 467 ಮೀಟರ್. ಅಷ್ಟುದ್ದದ ಉಕ್ಕು 10 ಡಿಗ್ರಿ ಕಾದರೆ 56 ಮಿಲಿಮೀಟರ್ ಬೆಳೆಯುತ್ತದೆ. ಇಡೀ ಉಕ್ಕು ಒಂದೇ ಸಮ ಕಾದರೆ ಲೆಕ್ಕ ಹಾಕಬಹುದು. ಬೆಳಗಿನ ಬಿಸಿಲು ಒಂದೇ ಮಗ್ಗುಲಿಗೆ ಬಿದ್ದರೆ ಕಮಾನು ಪಕ್ಕಕ್ಕೆ ಬಾಗುತ್ತದೆ. ಆದ್ದರಿಂದ ನಂಬುವಂಥ ಅಳತೆ ತೆಗೆಯುವುದು ಸೂರ್ಯ ಹುಟ್ಟುವ ಮುಂಚೆ, ಉಕ್ಕೆಲ್ಲ ಒಂದೇ ಹದಕ್ಕೆ ಬಂದಾಗ. ಕೊನೆಯ ತುಂಡಿನ ಉದ್ದವನ್ನು ಆ ಅಳತೆ ನೋಡಿಯೇ ಕೊನೆಗೆ ನಿಗದಿ ಮಾಡುವುದು ಜಾಣತನ. ಅಮೆರಿಕದ ಸೇಂಟ್ ಲೂಯಿಸ್‌ನ ಈಡ್ಸ್ ಸೇತುವೆಯಲ್ಲಿ 1873ರಲ್ಲಿ ಉಕ್ಕು ಹಿಗ್ಗಿ ಕೊನೆಯ ತುಂಡು ಹಿಡಿಯಲಿಲ್ಲ. ಕಮಾನಿಗೆ ಐಸ್ ಸುತ್ತಿ ನೋಡಿದರು, ಸೆಕೆಗೆ ಅದೂ ಸಾಲಲಿಲ್ಲ. ಕೊನೆಗೆ ಕೈಹಿಡಿದದ್ದು ಸ್ಕ್ರೂ ತಿರುಗಿಸಿ ಉದ್ದ ಹೊಂದಿಸಬಹುದಾದ ಕೊಳವೆ. ಸಿಡ್ನಿಯ ಎರಡು ಅರ್ಧಗಳು ಮುಟ್ಟಿದ್ದು 1930ರ ಆಗಸ್ಟ್ 19ರ ರಾತ್ರಿ, ಕೇಬಲ್‌ಗಳನ್ನು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದ ಮೇಲೆ. ಚಿನಾಬ್ ಕಮಾನು ಕೂಡಿದ್ದು 2021ರ ಏಪ್ರಿಲ್‌ನಲ್ಲಿ.

ಕೂಡಿದ ಮೇಲೂ ಅವಸರ ಸಲ್ಲದು. ಉಳಿದ ಕೇಬಲ್‌ಗಳನ್ನು ಎರಡೂ ಕಡೆ ಸಮನಾಗಿ, ಹಂತಹಂತವಾಗಿ ಬಿಡಬೇಕು. ಕಮಾನಿನ ಮೇಲೆ ಕಂಬ, ಗರ್ಡರ್ (ಹಳಿ ಹೊರುವ ಉದ್ದ ತೊಲೆ) ಏರಿಸುವಾಗಲೂ ಒಂದೇ ಮಗ್ಗುಲಿಗೆ ಎಷ್ಟು ಭಾರ ಬೀಳಬಹುದು ಎಂಬ ಮಿತಿ ದಾಟಬಾರದು. ಪೂರ್ತಿ ಭಾರವನ್ನು ಸಲೀಸಾಗಿ ಹೊರುವ ಕಮಾನು ಅರ್ಧ ಭಾರಕ್ಕೆ ಸೊಟ್ಟಗಾಗುತ್ತದೆ: ಭಾರ ಬಿದ್ದ ಕಡೆ ಕುಗ್ಗಿ, ಇನ್ನೊಂದು ಕಡೆ ಉಬ್ಬುತ್ತದೆ.

ಸೈಟಿನಲ್ಲಿ ವೆಲ್ಡಿಂಗೋ ಬೋಲ್ಟೋ? ಬೋಲ್ಟ್ ಆದರೆ ನಮ್ಮ ಹುಡುಗರು ಎಲ್ಲಿ ಎಡವುತ್ತಾರೆ?
— ಫ್ಯಾಬ್ರಿಕೇಶನ್ ಶೆಡ್ ನಡೆಸುವವರು, ಪೀಣ್ಯ

ಶೆಡ್ಡಿನಲ್ಲಿ ವೆಲ್ಡಿಂಗ್, ಎತ್ತರದಲ್ಲಿ ಆದಷ್ಟೂ ಬೋಲ್ಟ್. ಸಿಡ್ನಿಯ ಕಾಲದಲ್ಲಿ ಸುಮಾರು 60 ಲಕ್ಷ ರಿವೆಟ್ ಹೊಡೆದಿದ್ದರು. ಈಗ ಆ ಜಾಗಕ್ಕೆ ಹೈ ಸ್ಟ್ರೆಂತ್ ಫ್ರಿಕ್ಷನ್ ಗ್ರಿಪ್ ಬೋಲ್ಟ್ ಬಂದಿದೆ.

ಈ ಬೋಲ್ಟ್ ತೂತಿಗೆ ಒರಗಿ ಭಾರ ಹೊರುವುದಿಲ್ಲ, ಪ್ಲೇಟುಗಳನ್ನು ಒತ್ತಿ ಹಿಡಿದು ಅವುಗಳ ಘರ್ಷಣೆಯಿಂದ ಹೊರುತ್ತದೆ. 24 ಮಿಲಿಮೀಟರಿನ 10.9 ದರ್ಜೆಯ ಬೋಲ್ಟ್‌ನಲ್ಲಿ ಸುಮಾರು 25 ಟನ್ ಬಿಗಿತ ಬರಬೇಕು. ಪ್ಲೇಟಿನ ಮುಖವನ್ನು ಗ್ರಿಟ್ ಬ್ಲಾಸ್ಟ್ ಮಾಡಿದ್ದರೆ (ಒರಟು ಕಣ ರಭಸದಿಂದ ಊದಿ ತರಿಯಾಗಿಸಿದ್ದರೆ) ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐಎಸ್ 800 ಸಂಹಿತೆ 0.50 ಘರ್ಷಣಾಂಕ ಕೊಡುತ್ತದೆ, ಏನೂ ಮಾಡದೆ ಬಿಟ್ಟಿದ್ದರೆ 0.20. ಅಂದರೆ ಒಂದೇ ಬೋಲ್ಟ್ ಒಂದು ಮುಖದಲ್ಲಿ ಹನ್ನೆರಡೂವರೆ ಟನ್ ಹಿಡಿಯಬಹುದು, ಇಲ್ಲವೇ ಬರೀ ಐದು. ಹುಡುಗರು ಎಡವುವ ಮೊದಲ ಜಾಗ ಇದೇ. ತುಕ್ಕು ಹಿಡಿದೀತೆಂದು ಕಾಳಜಿಯಿಂದ ಜೋಡಣೆಯ ಮುಖಕ್ಕೂ ಪೇಂಟ್ ಬಳಿದುಬಿಡುತ್ತಾರೆ. ಆ ಜಾಗಕ್ಕೆ ಟೇಪ್ ಹಚ್ಚಿ ಕಾಪಾಡಿ.

ಎರಡನೆಯದು ಬಿಗಿಯುವ ಕ್ರಮ. ಜಾಯಿಂಟಿನ ನಡುವಿನಿಂದ ಶುರುಮಾಡಿ ಅಂಚಿಗೆ ಹೋಗಬೇಕು. ಅಂಚು ಮೊದಲು ಬಿಗಿದರೆ ಪ್ಲೇಟಿನ ಉಬ್ಬು ನಡುವೆ ಸಿಕ್ಕಿಕೊಂಡು, ಮೊದಲು ಬಿಗಿದ ಬೋಲ್ಟುಗಳು ಆಮೇಲೆ ಸಡಿಲವಾಗುತ್ತವೆ. ಮೊದಲ ಸುತ್ತಿನಲ್ಲಿ ಪ್ಲೇಟುಗಳು ಕಚ್ಚಿ ಕೂರುವಷ್ಟು ಬಿಗಿಯಿರಿ. ಆಮೇಲೆ ನಟ್ಟಿಗೂ ಬೋಲ್ಟಿನ ತುದಿಗೂ ಪೇಂಟಿನಿಂದ ಒಂದು ಗೆರೆ ಎಳೆದು, ಬೋಲ್ಟಿನ ಉದ್ದ ವ್ಯಾಸದ ನಾಲ್ಕರಷ್ಟರ ಒಳಗಿದ್ದರೆ ಮೂರನೇ ಒಂದು ಸುತ್ತು, ನಾಲ್ಕರಿಂದ ಎಂಟರಷ್ಟಿದ್ದರೆ ಅರ್ಧ ಸುತ್ತು. ಬರೀ ಟಾರ್ಕ್ ರೆಂಚ್ ನಂಬಿದರೆ ಮೋಸ ಹೋಗುತ್ತೀರಿ. ಮಳೆಯಲ್ಲಿ ನೆನೆದು ತುಕ್ಕು ಕೂತ ನಟ್ಟಿನಲ್ಲಿ ಶಕ್ತಿಯೆಲ್ಲ ಸ್ಕ್ರೂ ಎಳೆಗಳ ತಿಕ್ಕಾಟಕ್ಕೇ ಹೋಗುತ್ತದೆ. ರೆಂಚ್ ‘ಟಕ್’ ಎನ್ನುತ್ತದೆ, ಬೋಲ್ಟಿನಲ್ಲಿ ಬಿಗಿತವೇ ಇರುವುದಿಲ್ಲ.

ಶೆಡ್ಡಿನ ವೆಲ್ಡಿಂಗ್ ಬಗ್ಗೆ ಇಷ್ಟು ಸಾಕು: ದಪ್ಪ ಪ್ಲೇಟನ್ನು ಮೊದಲೇ ಕಾಯಿಸಿ, ಲೋ ಹೈಡ್ರೋಜನ್ ರಾಡನ್ನು ಓವನ್‌ನಲ್ಲಿ ಒಣಗಿಸಿ. ಹೈಡ್ರೋಜನ್‌ನ ಬಿರುಕು ತಡವಾಗಿ ಬಾಯಿಬಿಡುತ್ತದೆ, ಹಾಗಾಗಿ ಅಲ್ಟ್ರಾಸಾನಿಕ್ ಪರೀಕ್ಷೆಗೆ 48 ಗಂಟೆ ಕಾಯುವುದು ಒಳ್ಳೆಯದು. ಪಕ್ಕಪಕ್ಕದ ತುಂಡುಗಳನ್ನು ನೆಲದ ಮೇಲೆ ಒಮ್ಮೆ ಜೋಡಿಸಿ ನೋಡದೆ ಲಾರಿಗೆ ಹತ್ತಿಸಬೇಡಿ.

ಬೆಂಗಳೂರಿನಲ್ಲಿ ಒದೆಯಲು ಕಣಿವೆಯ ದಡಗಳೇ ಇಲ್ಲ. ಇಲ್ಲಿ ಕಮಾನು ಸೇತುವೆ ಆಗುವುದೇ ಇಲ್ಲವೆ?
— ಓದುಗರು, ಬಸವನಗುಡಿ

ಆಗುತ್ತದೆ. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ ಕಮಾನಿನ ಎರಡೂ ಕಾಲನ್ನು ಡೆಕ್‌ನ (ವಾಹನ ಓಡುವ ಹಾಸಿನ) ಮಟ್ಟದಲ್ಲಿ ಉಕ್ಕಿನಿಂದ ಬಿಗಿದರೆ ಒದೆತ ಅಲ್ಲೇ ಮುಗಿಯುತ್ತದೆ, ಕಂಬಕ್ಕೆ ಬೀಳುವುದು ಬಹುತೇಕ ನೇರ ಭಾರ ಮಾತ್ರ. ಇದಕ್ಕೆ ಬೋಸ್ಟ್ರಿಂಗ್ ಗರ್ಡರ್ ಎನ್ನುತ್ತಾರೆ, ರೈಲು ಹಳಿ ದಾಟುವ ಮೇಲ್ಸೇತುವೆಗಳಿಗೆ ಹೇಳಿ ಮಾಡಿಸಿದಂತಿದೆ. ಹಳಿಯ ನಡುವೆ ಕಂಬ ಬೇಡ, ಡೆಕ್‌ನ ದಪ್ಪವೂ ಕಡಿಮೆ.

ಕಣ್ಣಿಡಬೇಕಾದದ್ದು ಕಮಾನಿನಿಂದ ಡೆಕ್ಕನ್ನು ನೇತುಹಾಕುವ ಹ್ಯಾಂಗರ್‌ಗಳ ಮೇಲೆ. ತೈವಾನ್‌ನ ನಾನ್‌ಫಾಂಗಾವೊದಲ್ಲಿ 1998ರಲ್ಲಿ ತೆರೆದ ಇಂಥದೇ ಸೇತುವೆ 2019ರ ಅಕ್ಟೋಬರ್ 1ರಂದು ಕುಸಿಯಿತು. ಹ್ಯಾಂಗರ್ ಕೇಬಲ್‌ಗಳು ಒಳಗೊಳಗೇ ತುಕ್ಕು ತಿಂದಿದ್ದವು. ನೀರು ಇಳಿದು ನಿಲ್ಲುವುದು ಹ್ಯಾಂಗರ್‌ನ ಕೆಳತುದಿಯಲ್ಲಿ, ಡೆಕ್‌ನೊಳಗೆ ಹುದುಗಿದ ಜಾಗದಲ್ಲಿ, ಮೇಲಿನಿಂದ ನೋಡುವವರ ಕಣ್ಣಿಗೆ ಬೀಳದ ಕಡೆ. ಆ ತುದಿಯ ಮುಚ್ಚಳ ಬಿಚ್ಚಿ ನೋಡಲು ಬರುವಂತಿರಬೇಕು. ಒಂದು ಹ್ಯಾಂಗರ್ ತೆಗೆದು ಬದಲಿಸುವಾಗಲೂ ಸೇತುವೆ ನಿಲ್ಲುವಂತೆ ವಿನ್ಯಾಸದಲ್ಲೇ ಲೆಕ್ಕ ಹಾಕಿರಬೇಕು.