ಮರಳಿ ಬಂದ ದಾರಿಯ ಕಥೆ

ಪ್ರಿಯ ಓದುಗರೇ,

ನಮ್ಮ ಯಾತ್ರಾ ವಿಶೇಷಾಂಕ ಓದಿ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಪ್ರಶ್ನೆ ಇದು: "ಯಾತ್ರಿಕರ ಕಥೆಗಳೆಲ್ಲ ದೇವರ ಮುಂದೆ ನಿಂತಲ್ಲಿಗೆ ಮುಗಿದುಬಿಡುತ್ತವೆ. ಆ ಕಾಲದಲ್ಲಿ ಹೋದಷ್ಟೇ ದೂರ ಮರಳಿಯೂ ಬರಬೇಕಿತ್ತಲ್ವಾ? ಆ ಅರ್ಧ ದಾರಿ ಯಾರಿಗೂ ಬೇಡವಾಯಿತೇ?" ಕೊನೆಗೆ ಉತ್ತರವನ್ನೂ ನೀವೇ ಕೊಟ್ಟಿದ್ದೀರಿ: "ದರ್ಶನ ಆದ ಮೇಲೆ ಬರೆಯಲು ಏನೂ ಉಳಿಯುವುದಿಲ್ಲವೇನೋ."

ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಉತ್ತರವನ್ನು ಮಾತ್ರ ಒಪ್ಪಲಾರೆ. ಮರಳಿ ಬಂದದ್ದನ್ನು ಬರೆದವರು ಕಡಿಮೆ, ನಿಜ. ಆದರೆ ಬರೆದವರನ್ನು ಓದಿ ನೋಡಿ. ಯಾತ್ರಿಕನಿಗೆ ಜಾಸ್ತಿ ಭಯ ಕಾಡಿದ್ದು ಬರುವಾಗಲೇ. ಹೋಗುವಾಗ ಅವನ ಕೈ ಖಾಲಿ ಇರುತ್ತದೆ. ಬರುವಾಗ ಊರಿಗೆ ಮುಟ್ಟಿಸಬೇಕಾದದ್ದು ಏನೋ ಜೊತೆಗಿರುತ್ತದೆ.

ಚೀನಾದ ಭಿಕ್ಷು ಫಾಹಿಯಾನನನ್ನೇ ತೆಗೆದುಕೊಳ್ಳಿ. 399ರಲ್ಲಿ ಚಾಂಗಾನ್ ನಗರದಿಂದ ಹೊರಟಾಗ ಜೊತೆಗಾರರಿದ್ದರು. ಒಬ್ಬ ಹಿಮದ ಬೆಟ್ಟದಲ್ಲಿ ಸತ್ತ. ಇನ್ನೊಬ್ಬ ಭಾರತದಲ್ಲೇ ಉಳಿದುಬಿಟ್ಟ. ಶ್ರೀಲಂಕಾ ಮುಟ್ಟುವ ಹೊತ್ತಿಗೆ ಫಾಹಿಯಾನ್ ಒಬ್ಬಂಟಿ. ಅಲ್ಲಿನ ಅಭಯಗಿರಿ ವಿಹಾರದಲ್ಲಿ, ಬುದ್ಧನ ಮೂರ್ತಿಗೆ ವ್ಯಾಪಾರಿಯೊಬ್ಬ ಚೀನಾದ ಬಿಳಿ ರೇಷ್ಮೆ ಬೀಸಣಿಗೆ ಅರ್ಪಿಸಿದ್ದನ್ನು ಕಂಡು ಅವನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಬುದ್ಧನ ನೆಲವನ್ನು ಹುಡುಕಿಕೊಂಡು ಅಲೆದವನು, ತನ್ನ ನಾಡಿನ ಒಂದು ಬೀಸಣಿಗೆಗೆ ಅತ್ತ. ಯಾತ್ರಾ ಸಾಹಿತ್ಯದಲ್ಲಿ ಇದಕ್ಕಿಂತ ನಿಜವಾದ ಸಾಲು ನಾನು ಹೆಚ್ಚು ಕಂಡಿಲ್ಲ.

ಅಲ್ಲಿಂದ ಅವನು ಇನ್ನೂರಕ್ಕೂ ಹೆಚ್ಚು ಜನರಿದ್ದ ವ್ಯಾಪಾರಿ ಹಡಗು ಹತ್ತಿದ. ಮೂರನೇ ದಿನಕ್ಕೇ ಬಿರುಗಾಳಿ. ಹಡಗಿನೊಳಗೆ ನೀರು ನುಗ್ಗಿತು. ವ್ಯಾಪಾರಿಗಳು ಭಾರ ಇಳಿಸಲು ಸರಕನ್ನು ಸಮುದ್ರಕ್ಕೆ ಎಸೆಯತೊಡಗಿದರು. ಫಾಹಿಯಾನ್ ತನ್ನ ನೀರಿನ ಪಾತ್ರೆಗಳನ್ನು ತಾನೇ ಎಸೆದ. ಎದೆ ಹೊಡೆದುಕೊಳ್ಳುತ್ತಿದ್ದದ್ದು ಯಾತ್ರೆಯಲ್ಲಿ ಕೂಡಿಸಿದ್ದ ಬೌದ್ಧ ಗ್ರಂಥಗಳಿಗಾಗಿ. ಅವನ್ನೂ ಯಾರಾದರೂ ಎತ್ತಿ ಎಸೆದರೆ ಏನು ಗತಿ? ಹದಿಮೂರು ದಿನ ಗಾಳಿ ಹೀಗೇ ಬೀಸಿತು. ಕೊನೆಗೆ ಒಂದು ದ್ವೀಪ ಸಿಕ್ಕಿ, ತೂತು ಮುಚ್ಚಿ, ಮುಂದೆ ಹೋದರು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಹತ್ತಿದ ಇನ್ನೊಂದು ಹಡಗೂ ಬಿರುಗಾಳಿಗೆ ಸಿಕ್ಕಿತು. "ಈ ಭಿಕ್ಷುವಿನಿಂದಲೇ ನಮಗೆ ಈ ಗತಿ, ಯಾವುದಾದರೂ ದ್ವೀಪದಲ್ಲಿ ಇವನನ್ನು ಇಳಿಸಿಬಿಡೋಣ" ಎಂದು ಕೆಲವು ಪ್ರಯಾಣಿಕರು ಹೊರಟರು. ಅವನ ಪರವಾಗಿ ಒಬ್ಬ ಗಟ್ಟಿಯಾಗಿ ನಿಂತದ್ದರಿಂದ ಜೀವ ಉಳಿಯಿತು. ಐವತ್ತು ದಿನಕ್ಕೆಂದು ತಂದ ಸಾಮಾನು, ಎಪ್ಪತ್ತು ದಿನ ಕಳೆದರೂ ದಡ ಇಲ್ಲ. ಅಡುಗೆಗೆ ಸಮುದ್ರದ ನೀರು ಬಳಸಿದರು. ಕುಡಿಯುವ ನೀರನ್ನು ಅಳೆದು ಹಂಚಿಕೊಂಡರು. 412ರಲ್ಲಿ ಕೊನೆಗೂ ಒಂದು ದಡ ಸಿಕ್ಕಿತು. ಅದು ಯಾವ ದೇಶ ಎಂದು ಯಾರಿಗೂ ತಿಳಿಯಲಿಲ್ಲ. ಅಲ್ಲಿ ಬೆಳೆದಿದ್ದ ಸೊಪ್ಪು ನೋಡಿ ಇದು ಚೀನಾ ಎಂದು ಗುರುತು ಹಿಡಿದರು. ದರ್ಶನ ಆದ ಮೇಲಿನ ಕಥೆ ಇದು. ಬರೆಯಲು ಏನೂ ಉಳಿದಿರಲಿಲ್ಲ ಎನ್ನಲಾದೀತೇ?

ಇನ್ನೊಬ್ಬ ಇಬ್ನ್ ಜುಬೈರ್. 1183ರಲ್ಲಿ ಸ್ಪೇನಿನ ಗ್ರಾನಡಾದಿಂದ ಹೊರಟು ಮಕ್ಕಾಕ್ಕೆ ಹೋದವನು. ಹಜ್ ಮುಗಿಸಿ, ಬಾಗ್ದಾದ್, ಡಮಾಸ್ಕಸ್ ನೋಡಿಕೊಂಡು, 1184ರಲ್ಲಿ ಏಕರ್ ಬಂದರಿನಲ್ಲಿ ಜಿನೋವಾದವರ ಹಡಗು ಹತ್ತಿದ. ಅದೇ ಹಡಗಿನಲ್ಲಿ ಜೆರುಸಲೇಮಿನಿಂದ ಮರಳುತ್ತಿದ್ದ ಕ್ರೈಸ್ತ ಯಾತ್ರಿಕರು ಕಿಕ್ಕಿರಿದಿದ್ದರು. ಅದು ಧರ್ಮಯುದ್ಧಗಳ ಕಾಲ ಎಂಬುದನ್ನು ನೆನಪಿಡಿ. ನೆಲದ ಮೇಲೆ ಎದುರು ಬದುರು ನಿಂತ ಎರಡು ಧರ್ಮಗಳ ಜನ ಒಂದೇ ಹಡಗಿನಲ್ಲಿ ಮನೆಗೆ ಹೊರಟಿದ್ದಾರೆ. ಕ್ರೈಸ್ತರು ತಮ್ಮ ಸಂತರ ಹಬ್ಬಕ್ಕೆ ಹಡಗಿನ ತುಂಬ ಮೇಣದ ಬತ್ತಿ ಹಚ್ಚಿದ್ದನ್ನು ಅವನು ಬರೆದಿಟ್ಟಿದ್ದಾನೆ. ದಾರಿಯಲ್ಲಿ ಎರಡೂ ಕಡೆಯವರು ಸತ್ತರು. ಹಾಗೆ ಸತ್ತವರ ಗಂಟು ನಾವಿಕನಿಗೇ ಸೇರುತ್ತಿತ್ತು, ವಾರಸುದಾರರಿಗಲ್ಲ. ಡಿಸೆಂಬರಿನಲ್ಲಿ ಸಿಸಿಲಿಯ ಮೆಸ್ಸಿನಾ ಹತ್ತಿರ ಹಡಗು ಒಡೆಯಿತು. ದಡ ಮುಟ್ಟಿಸಲು ದೋಣಿಯವರು ಬಾಯಿಗೆ ಬಂದ ಬಾಡಿಗೆ ಕೇಳಿದರು. ಕೊಡಲಾಗದ ಬಡ ಮುಸ್ಲಿಮರ ಬಾಡಿಗೆಯನ್ನು ಅಲ್ಲಿಗೆ ಬಂದಿದ್ದ ಕ್ರೈಸ್ತ ರಾಜ ಎರಡನೇ ವಿಲಿಯಂ ಕೊಡಿಸಿದ. ಹೋಗುವ ದಾರಿಯ ಕಥೆಯಷ್ಟನ್ನೇ ಓದಿ ಪುಸ್ತಕ ಮುಚ್ಚಿದ್ದರೆ ಈ ಪುಟ ನಮಗೆ ಸಿಗುತ್ತಿರಲಿಲ್ಲ.

ಹಾಗಿದ್ದರೂ ಸಾಹಿತ್ಯ ಯಾಕೆ ಮರಳುವ ದಾರಿಯನ್ನು ಬಿಟ್ಟುಬಿಡುತ್ತದೆ? ಕೆಲವು ಕಡೆ ಕಾರಣ ಸರಳ. ಬರೆದದ್ದು ಪೂರ್ತಿಯಾಗಿಲ್ಲ, ಇಲ್ಲವೇ ಉಳಿದಿಲ್ಲ. ಇಂಗ್ಲಿಷ್ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಯಾತ್ರಿಕರ ಬಾಯಲ್ಲಿ ಹೋಗುವಾಗ ಎರಡು, ಬರುವಾಗ ಎರಡು ಕಥೆ ಹೇಳಿಸುವ ಲೆಕ್ಕ ಹಾಕಿದ್ದ. ಇಪ್ಪತ್ನಾಲ್ಕು ಕಥೆಗೆ ಕೃತಿ ನಿಂತಿತು. ಅವರು ಕ್ಯಾಂಟರ್ಬರಿಯನ್ನೂ ಮುಟ್ಟಲಿಲ್ಲ. ನಾಲ್ಕನೇ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಹೋದ ಎಜೀರಿಯಾ ಎಂಬ ಹೆಣ್ಣುಮಗಳು ತನ್ನ ಸೋದರಿಯರಿಗೆ ಬರೆದದ್ದರ ಹಸ್ತಪ್ರತಿ 1884ರಲ್ಲಿ ಸಿಕ್ಕಿತು. ಮೊದಲೂ ಇಲ್ಲ, ಕೊನೆಯೂ ಇಲ್ಲ.

ಮರಳುವುದನ್ನೇ ಬಯಸದ ಯಾತ್ರಿಕರೂ ಇದ್ದರು. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಹೊರಟವರ ಮಾತು ಬೇರೆ. ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದ ಅಕ್ಕ ಮಹಾದೇವಿಗೆ ಹಿಂತಿರುಗುವ ದಾರಿ ಬೇಕಿರಲೇ ಇಲ್ಲ. ಅಂಥವರ ಕಥೆ ಅಲ್ಲಿಗೆ ನಿಲ್ಲುವುದೇ ಸರಿ. ಅದೇ ಕಾಶಿಯ ಇನ್ನೊಂದು ಯಾತ್ರೆ ನೋಡಿ. ರಾಮೇಶ್ವರದ ಮರಳನ್ನು ಪ್ರಯಾಗದಲ್ಲಿ ಬಿಟ್ಟು, ಗಂಗೆಯ ನೀರನ್ನು ರಾಮೇಶ್ವರಕ್ಕೆ ತಂದು ಅಭಿಷೇಕ ಮಾಡಿದರೇ ಅದು ಪೂರ್ತಿ. ಮರಳಿ ಬರುವುದನ್ನೇ ವಿಧಿಯ ಭಾಗ ಮಾಡಿದವರು ಯಾರೋ, ಯಾತ್ರೆಯನ್ನು ಚೆನ್ನಾಗಿ ಬಲ್ಲವರು.

ಕೊನೆಗೆ ಹ್ಯೂಯೆನ್ ತ್ಸಾಂಗ್. ಇಮ್ಮಡಿ ಪುಲಕೇಶಿಯ ಬಗ್ಗೆ ಅವನು ಬರೆದದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವನ ಯಾತ್ರೆಯನ್ನು ಆಧರಿಸಿ 16ನೇ ಶತಮಾನದಲ್ಲಿ ಬಂದ ಚೀನೀ ಕಾದಂಬರಿಗೆ ನೂರು ಅಧ್ಯಾಯ. ಹೋಗಲು 14 ವರ್ಷ. ಮರಳಲು ಎಂಟೇ ದಿನ, ಅದೂ ಮೋಡದ ಮೇಲೆ! ಆದರೆ ಆ ಕಾದಂಬರಿಕಾರನೂ ಮರಳುವ ದಾರಿಯಲ್ಲಿ ಒಂದು ಗಂಡಾಂತರ ಇಟ್ಟಿದ್ದಾನೆ. ಹೋಗುವಾಗ ನದಿ ದಾಟಿಸಿದ ಆಮೆಯೊಂದು, ಬುದ್ಧನ ಹತ್ತಿರ ತನ್ನ ಪರವಾಗಿ ಒಂದು ಪ್ರಶ್ನೆ ಕೇಳಿ ಬಾ ಎಂದಿತ್ತು. ಬರುವಾಗ ವಿಚಾರಿಸಿತು. ಯಾತ್ರೆ ಹೊರಟಿದ್ದ ಗುರು ಹ್ಯೂಯೆನ್ ತ್ಸಾಂಗ್ ಅದನ್ನು ಮರೆತೇಬಿಟ್ಟಿದ್ದ. ಆಮೆ ಎಲ್ಲರನ್ನೂ ನೀರಿಗೆ ಕೆಡವಿತು. ಗ್ರಂಥಗಳು ನೆನೆದವು. ಬಂಡೆಯ ಮೇಲೆ ಒಣಗಿಸುವಾಗ ಒಂದು ಗ್ರಂಥದ ಕೊನೆ ಕಲ್ಲಿಗೇ ಅಂಟಿಕೊಂಡು ಹೋಯಿತು.

ನಿಜವಾದ ಹ್ಯೂಯೆನ್ ತ್ಸಾಂಗನಿಗೂ ನೀರಿನಲ್ಲೇ ಪೆಟ್ಟು ಬಿತ್ತು. ಸಿಂಧೂ ನದಿ ದಾಟುವಾಗ ಸುಮಾರು ಐವತ್ತು ಹಸ್ತಪ್ರತಿಗಳು ಮುಳುಗಿದವು. ಅವನು ಅಲ್ಲೇ ತಡೆದು, ಬೇರೆ ನಾಡಿಗೆ ಜನ ಕಳಿಸಿ, ಮತ್ತೆ ಪ್ರತಿ ಮಾಡಿಸಿದ. ಅಪ್ಪಣೆ ಇಲ್ಲದೆ ದೇಶ ಬಿಟ್ಟವನು ಅವನು. ಹಾಗಾಗಿ ದಾರಿಯಲ್ಲಿದ್ದ ಖೋತಾನ್ ರಾಜ್ಯದಲ್ಲಿ ನಿಂತು ಚಕ್ರವರ್ತಿಗೆ ಪತ್ರ ಬರೆದು ಉತ್ತರಕ್ಕೆ ಕಾದ. 645ರಲ್ಲಿ ಚಾಂಗಾನ್ ಸೇರಿದಾಗ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳಿದ್ದವು. ಅವುಗಳ ಅನುವಾದಕ್ಕೆ ಕೂತವನು 664ರಲ್ಲಿ ಸಾಯುವವರೆಗೂ ಆ ಕೆಲಸ ಬಿಡಲಿಲ್ಲ. ಎಲ್ಲವನ್ನೂ ಮುಗಿಸಲು ಆಗಲಿಲ್ಲ. ಸುಮಾರು 75 ಗ್ರಂಥಗಳು ಚೀನೀ ಭಾಷೆಗೆ ಬಂದವು.

– ಸಂಪಾದಕ