ಅರಿಜೋನಾ ಬೆಟ್ಟಗಳಲ್ಲಿ ಮೂರೆಲೆ ಗಿಡ ಕಂಡ್ರೆ ಅದು ಪಾಯ್ಸನ್ ಐವಿನಾ, ಸುಮ್ಯಾಕಾ?

ಮಕ್ಕಳನ್ನ ಕರ್ಕೊಂಡು ಸೆಡೋನಾ ಹತ್ರ ವೆಸ್ಟ್ ಫೋರ್ಕ್ ಟ್ರೇಲ್‌ಗೆ ಹೋಗ್ತಿದ್ದೀವಿ, ಅಲ್ಲಿ ಮೂರೆಲೆ ಗಿಡ ಎಲ್ಲಾನೂ ವಿಷನಾ, ಸುಮ್ಯಾಕ್ ಮುಟ್ಟಬಹುದಾ ಅಂತ ಕೇಳಿದ್ದೀರಿ. ಪಾಯ್ಸನ್ ಐವಿ ಅಂದ್ರೆ ಮುಟ್ಟಿದ್ರೆ ತುರಿಕೆ, ಗುಳ್ಳೆ ಬರಿಸೋ ಮೂರೆಲೆ ಗಿಡ, ಸುಮ್ಯಾಕ್ ಅದೇ ಕುಟುಂಬದ ಪೊದೆ ಗಿಡ. ನಾನು ಫೀನಿಕ್ಸಲ್ಲೇ ಇರೋನು, ಬೇಸಿಗೆ ಬಂತು ಅಂದ್ರೆ ಆ ಕಡೆನೇ ಓಡೋದು, ಅದಕ್ಕೆ ಹೇಳ್ತೀನಿ.

ಸುಮ್ಯಾಕ್‌ಗೆ ಹೆದರಬೇಡಿ. ಪಾಯ್ಸನ್ ಸುಮ್ಯಾಕ್ ಅನ್ನೋದು ಅಮೆರಿಕದ ಪೂರ್ವ ಭಾಗದ ಜೌಗು ನೆಲದ ಗಿಡ, ಈ ಬೆಟ್ಟಗಳಲ್ಲಿ ಇಲ್ಲ. ಇಲ್ಲಿರೋ ಸುಮ್ಯಾಕ್‌ಗಳೆಲ್ಲ ಕೆಂಪು ಕಾಯಿ ಬಿಡೋವು. ತಲೆನೋವು ಅಂದ್ರೆ ಸ್ಕಂಕ್‌ಬುಷ್ ಅನ್ನೋ ಸುಮ್ಯಾಕ್, ಅದಕ್ಕೂ ಮೂರೆಲೆ, ಹಾಗಾಗಿ "ಮೂರೆಲೆ ಇದ್ರೆ ಮುಟ್ಟಬೇಡ" ಅಂತ ಇಲ್ಲಿನವರು ಹೇಳೋ ರೂಲ್ ನಂಬಿದ್ರೆ ಒಣ ಗುಡ್ಡದಲ್ಲಿ ಹೆಜ್ಜೆ ಹೆಜ್ಜೆಗೂ ಹೆದರ್ಕೊಂಡೇ ನಡೀಬೇಕಾಗುತ್ತೆ.

ನಡುವಿನ ಎಲೆ ನೋಡಿ. ಪಾಯ್ಸನ್ ಐವಿಯಲ್ಲಿ ಅದಕ್ಕೆ ಬೇರೇನೇ ಉದ್ದ ತೊಟ್ಟು ಇರುತ್ತೆ, ಪಕ್ಕದ ಎರಡು ಎಲೆ ಕಡ್ಡಿಗೆ ಅಂಟ್ಕೊಂಡ ಹಾಗಿರುತ್ತೆ, ಕಾಯಿ ಬೆಳ್ಳಗೆ, ನುಣುಪು. ಸ್ಕಂಕ್‌ಬುಷ್‌ನಲ್ಲಿ ನಡುವಿನ ಎಲೆಗೆ ತೊಟ್ಟೇ ಇಲ್ಲ, ಬುಡ ಸಣ್ಣ ಆಗ್ತಾ ಬಂದು ಸೇರ್ಕೊಳ್ಳುತ್ತೆ, ಎಲೆನೂ ಚಿಕ್ಕದು, ಕಾಯಿ ಕೆಂಪು, ಮೇಲೆ ರೋಮ, ಸ್ವಲ್ಪ ಅಂಟು. ಹಿಸುಕಿದ್ರೆ ಗಾಟು ವಾಸನೆನೂ ಬರುತ್ತೆ, ಆದ್ರೆ ಗಿಡ ಯಾವ್ದು ಅಂತ ಗೊತ್ತಾಗೋ ಮುಂಚೆ ಹಿಸುಕಿ ನೋಡೋ ಬುದ್ಧಿ ದಯವಿಟ್ಟು ಬೇಡ. ಇಲ್ಲಿನ ಪಾಯ್ಸನ್ ಐವಿ ಪೂರ್ವದ ಕಡೆ ಥರ ಮರ ಹತ್ತೋದು ಕಮ್ಮಿ, ನೀರಿನ ಪಕ್ಕ ನೆರಳಲ್ಲಿ ಮೊಣಕಾಲೆತ್ತರ ಪೊದೆ ಆಗಿರುತ್ತೆ, ವೆಸ್ಟ್ ಫೋರ್ಕಲ್ಲಿ ಹಳ್ಳ ದಾಟೋ ಕಡೆಗಳಲ್ಲಿ ಹುಷಾರು. ಅಕ್ಟೋಬರ್‌ನಲ್ಲಿ ಚೆಂದ ಕೆಂಪಾಗುತ್ತೆ, ಮಕ್ಕಳು ಕೀಳೋದು ಆಗ್ಲೇ.

ಸ್ಕಂಕ್‌ಬುಷ್ ಕಡ್ಡಿಯಿಂದ ಇಲ್ಲಿನ ಮೂಲನಿವಾಸಿಗಳಾದ ನವಾಹೋ ಜನ ಮದುವೆ ಬುಟ್ಟಿ ಹೆಣೀತಾರೆ, ಕಾಯಿ ಪುಡಿ ಮಾಡಿ ಗಂಜಿ ಥರ ಮಾಡ್ತಾರೆ. ಆ ಕಾಯಿನ ತಣ್ಣೀರಲ್ಲಿ ನೆನೆಸಿ ಸೋಸಿ ಸಕ್ಕರೆ ಹಾಕಿದ್ರೆ ಒಳ್ಳೆ ಹುಳಿ ಪಾನಕ. ಆದ್ರೆ ಸುಮ್ಯಾಕ್, ಐವಿ ಎಲ್ಲ ಮಾವು, ಗೋಡಂಬಿ, ನಮ್ಮಲ್ಲಿ ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದ ಕರಿಗೇರು ಕುಟುಂಬದವೇ, ಗೋಡಂಬಿ ಅಲರ್ಜಿ ಇರೋರು ಆ ಪಾನಕದ ತಂಟೆಗೆ ಹೋಗ್ಬೇಡಿ, ಮಾವಿನ ಸೊನೆಗೆ ತುಟಿ ಸುಟ್ಕೊಳ್ಳೋ ಮೈಯವರು ಐವಿಯಿಂದ ಇನ್ನೂ ದೂರ ಇರಿ.

ಪಾಯ್ಸನ್ ಐವಿ ಮುಟ್ಟಿಬಿಟ್ರೆ? ತೊಂದ್ರೆ ಕೊಡೋದು ಅದರ ಉರುಷಿಯಾಲ್ ಅನ್ನೋ ಎಣ್ಣೆ. ತಕ್ಷಣ ತಣ್ಣೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಬಟ್ಟೆಯಿಂದ ಚೆನ್ನಾಗಿ ಉಜ್ಜಿ. ಊರಲ್ಲಿ ಮಾಡೋ ಹಾಗೆ ಮೊದಲೇ ಕೊಬ್ಬರಿ ಎಣ್ಣೆ ಹಚ್ಚೋಕೆ ಹೋಗ್ಬೇಡಿ, ಎಣ್ಣೆಗೆ ಎಣ್ಣೆ ಸೇರಿ ಹರಡುತ್ತೆ ಅಷ್ಟೇ. ತುರಿಕೆ, ಗುಳ್ಳೆ ಸಾಮಾನ್ಯವಾಗಿ 12ರಿಂದ 48 ಗಂಟೆ ಆದ್ಮೇಲೆ ಬರುತ್ತೆ, ಜೀವನದಲ್ಲಿ ಮೊದಲ ಸಲ ಆದ್ರೆ 2–3 ವಾರನೂ ಆಗ್ಬಹುದು. ಗುಳ್ಳೆ ನೀರಿಂದ ಹರಡಲ್ಲ, ಶೂ ಲೇಸು, ಬ್ಯಾಗು, ನಾಯಿ ಕೂದಲಲ್ಲಿ ಉಳಿದ ಎಣ್ಣೆಯಿಂದ ಮತ್ತೆ ಅಂಟುತ್ತೆ, ಎಲ್ಲಾ ತೊಳೀರಿ. ಕ್ಯಾಂಪ್ ಬೆಂಕಿಗೆ ಐವಿ ಕಡ್ಡಿ ಹಾಕಿದ್ರೆ ಹೊಗೆ ಶ್ವಾಸಕೋಶಕ್ಕೇ ಹೋಗುತ್ತೆ, ಅಲ್ಲಿ ಮಾತ್ರ ಉದಾಸೀನ ಬೇಡ. ಮುಖ, ಕಣ್ಣು ಊದಿದ್ರೆ, ಉಸಿರಾಟಕ್ಕೆ ಕಷ್ಟ ಆದ್ರೆ ಸೀದಾ ಡಾಕ್ಟರ್ ಹತ್ರ ಹೋಗಿ.